ಪೇಟೆ ಬೀದಿಯೋ, ಒಳಬೀದಿಯೋ, ಊರಾಚೆಯೋ: ಮನೆ ಕೊಳ್ಳುವ ಮೊದಲು ಹೋಲಿಸಿ ನೋಡಿ

ಮನೆ ನೋಡಲು ಹೋದವರ ಕಣ್ಣು ಮೊದಲು ಗೋಡೆ, ಕಿಟಕಿ, ಅಡುಗೆಮನೆ, ಬಚ್ಚಲಿನ ಕಡೆಗೇ ಹೋಗುತ್ತದೆ. ಊರ ನಡುವಿನ ಪೇಟೆಯಲ್ಲಿ ಕೊಳ್ಳುವುದಾದರೆ ಇಷ್ಟೇ ನೋಡಿದರೆ ಸಾಲದು. ಅಲ್ಲಿ ನೀವು ಕೊಡುವ ದುಡ್ಡಿನ ದೊಡ್ಡ ಪಾಲು ಬೀದಿಗೆ ಹೋಗುತ್ತದೆ. ಕೆಳಗಿಳಿದರೆ ಔಷಧಿ ಅಂಗಡಿ, ತಿರುವಿನಲ್ಲಿ ದಿನಸಿ, ನಾಲ್ಕು ಹೆಜ್ಜೆಗೆ ಬಸ್ಸು, ಐದು ನಿಮಿಷಕ್ಕೆ ಗ್ರಂಥಾಲಯ. ಇದಕ್ಕೇ ಅಲ್ವಾ ಜಾಸ್ತಿ ಕೊಡುತ್ತಿರುವುದು? ಹಾಗಾದರೆ ಮನೆಯನ್ನು ಎಷ್ಟು ಕಾಳಜಿಯಿಂದ ನೋಡುತ್ತೀರೋ ಬೀದಿಯನ್ನೂ ಅಷ್ಟೇ ಕಾಳಜಿಯಿಂದ ನೋಡಬೇಕು. ಆ ಅಂಗಡಿಗಳು ಬಾಗಿಲು ಹಾಕಿದರೆ ನೀವು ಕೊಂಡಿದ್ದರಲ್ಲಿ ಅರ್ಧ ಹೋದಂತೆಯೇ.

ಹೆಚ್ಚಿನವರ ಮುಂದೆ ಮೂರು ದಾರಿ ಇರುತ್ತವೆ. ಪೇಟೆಯ ಮುಖ್ಯ ಬೀದಿಯಲ್ಲೇ, ಅಂಗಡಿಗಳ ಮೇಲಿನ ಮಹಡಿಯಲ್ಲಿ ಒಂದು ಫ್ಲಾಟ್ ಕೊಳ್ಳಬಹುದು. ಅದೇ ಪೇಟೆಯಲ್ಲಿ ಎರಡು ತಿರುವು ಒಳಗೆ, ಸಣ್ಣ ಬೀದಿಯಲ್ಲಿ ಮನೆ ಹುಡುಕಬಹುದು. ಇಲ್ಲವೇ ಅದೇ ದುಡ್ಡಿಗೆ ಊರಾಚೆ ದೊಡ್ಡ ಮನೆಗೆ ಹೋಗಬಹುದು. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಪೇಟೆಯ ಬದುಕು ಇಷ್ಟಪಡುವವರಲ್ಲಿ ಬಹಳಷ್ಟು ಜನಕ್ಕೆ ಹೊಂದುವುದು ಒಳಬೀದಿಯ ಮನೆ. ಚಿಕ್ಕದಾದರೂ ಪರವಾಗಿಲ್ಲ. ಯಾಕೆ ಅಂತ ಒಂದೊಂದಾಗಿ ನೋಡೋಣ. ಯಾರಿಗೆ ಇದು ಹೊಂದುವುದಿಲ್ಲ ಅನ್ನುವುದನ್ನೂ ಹೇಳುತ್ತೇನೆ.

ದೂರಕ್ಕೂ ಒಂದು ಬೆಲೆ

ನಡುಪೇಟೆಗೆ ಹತ್ತಿರವಾದಷ್ಟೂ ನೆಲದ ಬೆಲೆ ಏರುತ್ತದೆ, ದೂರ ಹೋದಷ್ಟೂ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತಿರುವ ಮಾತು. ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ 1964ರಲ್ಲಿ ಇದನ್ನೇ ಲೆಕ್ಕದಲ್ಲಿ ಕೂರಿಸಿ ತೋರಿಸಿದರು. ಜನ ಜಾಗ ಮತ್ತು ಓಡಾಟದ ನಡುವೆ ಚೌಕಾಸಿ ಮಾಡುತ್ತಾರೆ, ದೊಡ್ಡ ಮನೆ ಬೇಕಾದವರು ದಿನದ ಪ್ರಯಾಣ ಒಪ್ಪಿಕೊಂಡು ಹೊರಗೆ ಹೋಗುತ್ತಾರೆ ಅನ್ನುವುದು ಅದರ ತಿರುಳು. ತೊಂದರೆ ಏನೆಂದರೆ, ಈ ಚೌಕಾಸಿಯಲ್ಲಿ ನಾವು ಜಾಗವನ್ನು ಅಳೆದು ನೋಡುತ್ತೇವೆ, ಪ್ರಯಾಣವನ್ನು ಅಂದಾಜಿನಲ್ಲಿ ಬಿಟ್ಟುಬಿಡುತ್ತೇವೆ.

ಒಮ್ಮೆ ಲೆಕ್ಕ ಹಾಕಿ. ಪೇಟೆಯ ಮನೆಯಿಂದ ಕೆಲಸಕ್ಕೆ 15 ನಿಮಿಷ, ಊರಾಚೆಯಿಂದ 45 ನಿಮಿಷ ಅಂದುಕೊಳ್ಳಿ. ಹೋಗಿಬರುವುದರಲ್ಲಿ ದಿನಕ್ಕೆ ಒಂದು ಗಂಟೆಯ ವ್ಯತ್ಯಾಸ. ವರ್ಷಕ್ಕೆ 240 ಕೆಲಸದ ದಿನ ಹಿಡಿದರೆ 240 ಗಂಟೆ. ಅಂದರೆ ಎಂಟು ಗಂಟೆಯ 30 ದಿನ. ವರ್ಷದಲ್ಲಿ ಒಂದು ತಿಂಗಳಿಗೂ ಜಾಸ್ತಿ ಕೆಲಸದ ದಿನಗಳು ರಸ್ತೆಯಲ್ಲೇ ಕಳೆದವು. ಇನ್ನೊಂದು ಕೋಣೆಗಾಗಿ ಇಷ್ಟು ಕೊಡಲು ನೀವು ಸಿದ್ಧರಿರಬಹುದು. ಅದು ತಪ್ಪಲ್ಲ. ಆದರೆ ಕೊಡುತ್ತಿದ್ದೇವೆ ಅಂತ ಗೊತ್ತಿದ್ದು ಕೊಡಬೇಕು.

ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಒಳ್ಳೆಯ ವಿಷಯ ಬರೆದರು. ಸಾರಿಗೆ ತಜ್ಞ ಯಾಕೊವ್ ಜಹಾವಿ ಕಲೆಹಾಕಿದ ಅಂಕಿಅಂಶಗಳ ಮೇಲೆ ನಿಂತ ಮಾತದು. ಜನ ನಡೆದು ಹೋಗಲಿ, ರೈಲಿನಲ್ಲಿ ಹೋಗಲಿ, ಕಾರಿನಲ್ಲಿ ಹೋಗಲಿ, ಸರಾಸರಿಯಲ್ಲಿ ದಿನಕ್ಕೆ ಸುಮಾರು ಒಂದು ಗಂಟೆಯನ್ನೇ ಓಡಾಟಕ್ಕೆ ಇಡುತ್ತಾರಂತೆ. ವಾಹನದ ವೇಗ ಹೆಚ್ಚಿದರೆ ಉಳಿದ ಸಮಯವನ್ನು ಮನೆಯಲ್ಲಿ ಕಳೆಯುವುದಿಲ್ಲ, ಇನ್ನೂ ದೂರಕ್ಕೆ ಮನೆ ಮಾಡುತ್ತಾರೆ. ಹಾಗಾಗಿ ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಅನ್ನುವುದನ್ನು ಒಂದು ಗಡಿ ಅಂತ ಇಟ್ಟುಕೊಳ್ಳಿ. ಅದನ್ನು ದಾಟುವ ಮನೆ ಎಷ್ಟೇ ಚೆನ್ನಾಗಿದ್ದರೂ ಎರಡು ಸಲ ಯೋಚಿಸಿ. ಈ ಸಮಯವನ್ನು ರಜೆಯ ದಿನ ಮಧ್ಯಾಹ್ನ ಅಳೆಯಬೇಡಿ. ಕೆಲಸದ ದಿನ, ಕೆಲಸದ ಹೊತ್ತಿಗೆ, ನೀವು ನಿಜವಾಗಿ ಬಳಸುವ ವಾಹನದಲ್ಲೇ ಹೋಗಿ ನೋಡಿ. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಇಬ್ಬರದ್ದೂ ಅಳೆಯಿರಿ. ಒಬ್ಬರಿಗೆ ಅನುಕೂಲವಾಗಿ ಇನ್ನೊಬ್ಬರು ದಿನಾ ಬಳಲುವ ಮನೆ ಚೆನ್ನಾಗಿರುವುದಿಲ್ಲ.

ಕಾರು ನಿಲ್ಲಿಸುವ ಜಾಗವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಕಾರು ನಿಲ್ಲಲು ಸುಮಾರು ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ತಿರುಗಿಸುವ ಜಾಗ, ಇಳಿಜಾರು ಎಲ್ಲ ಸೇರಿದರೆ ಅದರ ಎರಡು ಪಟ್ಟು. ಒಂದು ದೊಡ್ಡ ಮಲಗುವ ಕೋಣೆಗಿಂತ ಜಾಸ್ತಿ ಆಯಿತು. ನಡುಪೇಟೆಯ ದುಬಾರಿ ನೆಲದಲ್ಲಿ ಇದರ ಖರ್ಚು ಮನೆಯ ಬೆಲೆಯೊಳಗೇ ಅಡಗಿರುತ್ತದೆ. ಅಮೆರಿಕದ ಬಫಲೋ ನಗರ 2017ರಲ್ಲಿ, ಹೊಸ ಕಟ್ಟಡಕ್ಕೆ ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವ ನಿಯಮವನ್ನೇ ಊರಿಡೀ ತೆಗೆದುಹಾಕಿದ್ದಕ್ಕೆ ಇದೂ ಒಂದು ಕಾರಣ. ನಿಮಗೆ ಕಾರು ಬೇಡವಾದರೆ ಪಾರ್ಕಿಂಗ್ ಇಲ್ಲದ ಮನೆ ಕೇಳಿ, ಬೆಲೆ ಇಳಿಸಿ. ಬೇಕಾದರೆ, ಆ ಜಾಗ ನಿಮ್ಮ ಹೆಸರಿಗೇ ಬರುತ್ತದೋ ಸುಮ್ನೆ ಬಳಸಲು ಬಿಡುತ್ತಾರೋ ಕೇಳಿಕೊಳ್ಳಿ. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಅಂಗಡಿಗಳನ್ನು ಓದುವುದು

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಭಾಗ ಇದು. ಮನೆ ಕೊಳ್ಳುವವರು ಇದಕ್ಕೆ ಕೊಡುವ ಗಮನ ತೀರಾ ಕಡಿಮೆ.

ಪೇಟೆ ಬೀದಿ ಅನ್ನುವುದು ತಾನಾಗಿ ಉಳಿಯುವ ವಸ್ತುವಲ್ಲ. 1956ರಲ್ಲಿ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ಅಮೆರಿಕದ ಮಿನಿಯಾಪೊಲಿಸ್ ಹೊರವಲಯದಲ್ಲಿ ಸೌತ್‌ಡೇಲ್ ಅನ್ನುವ ಮಾಲ್ ಕಟ್ಟಿದರು. ಪೂರ್ತಿ ಮುಚ್ಚಿದ, ಒಳಗೆ ಹವಾನಿಯಂತ್ರಣ ಇರುವ ಮಾಲ್‌ಗಳ ಕಾಲ ಶುರುವಾಗಿದ್ದು ಅಲ್ಲಿಂದ. ಅದರ ಸುತ್ತ ಮನೆ, ಶಾಲೆ, ಉದ್ಯಾನ ಎಲ್ಲ ಬರಬೇಕು ಅನ್ನುವುದು ಅವರ ಆಸೆಯಾಗಿತ್ತು. ಬಂದಿದ್ದು ಮಾಲ್ ಮತ್ತು ಅದರ ಸುತ್ತ ಕಾರು ನಿಲ್ಲಿಸುವ ಬಯಲು ಮಾತ್ರ. ಅದೇ ಮಾದರಿ ಎಲ್ಲ ಕಡೆ ಹಬ್ಬಿ, ಎಷ್ಟೋ ಊರುಗಳ ನಡುಪೇಟೆ ಗಿರಾಕಿಗಳನ್ನು ಕಳೆದುಕೊಂಡಿತು. ಇನ್ನೊಂದು ಕಡೆ ಕೋಪನ್‌ಹೇಗನ್ ನೋಡಿ. 1962ರಲ್ಲಿ ಸ್ಟ್ರೋಯೆಟ್ ಅನ್ನುವ ಪೇಟೆ ಬೀದಿಗೆ ಕಾರು ಬರುವುದನ್ನು ನಿಲ್ಲಿಸಿ ಪ್ರಯೋಗ ಮಾಡಿದರು. ವ್ಯಾಪಾರ ಮುಳುಗುತ್ತದೆ ಅಂತ ಅಂಗಡಿಯವರು ಹೆದರಿದ್ದರು. ಹಾಗೇನೂ ಆಗಲಿಲ್ಲ. 1964ರಲ್ಲಿ ಅದನ್ನೇ ಕಾಯಂ ಮಾಡಿದರು. ಒಂದು ಕಿಲೋಮೀಟರಿಗೂ ಉದ್ದದ ಆ ಬೀದಿ ಇವತ್ತಿಗೂ ಜನರಿಂದ ತುಂಬಿರುತ್ತದೆ. ನೀವು ಕೊಳ್ಳಲು ಹೊರಟಿರುವ ಬೀದಿ ಇವೆರಡರಲ್ಲಿ ಯಾವ ಕಡೆಗೆ ಹೊರಳುತ್ತಿದೆ ಅನ್ನುವುದು ಮನೆಯ ಒಳಗೆ ನಿಂತರೆ ತಿಳಿಯುವುದಿಲ್ಲ.

ಬೀದಿಗೆ ಇಳಿದು ನಡೆಯಿರಿ. ಅಂಗಡಿಗಳಲ್ಲಿ ಎರಡು ಬಗೆ. ಮನೆಯವರು ದಿನಾ ಹೋಗುವ ಅಂಗಡಿಗಳು: ದಿನಸಿ, ಔಷಧಿ, ಕ್ಷೌರ, ಚಪ್ಪಲಿ ರಿಪೇರಿ, ಬೀಗ, ಸ್ಟೇಷನರಿ. ಹೊರಗಿನವರು ಹುಡುಕಿಕೊಂಡು ಬರುವ ಅಂಗಡಿಗಳು: ದುಬಾರಿ ಬಟ್ಟೆ, ಉಡುಗೊರೆ, ರಾತ್ರಿ ತಡವಾಗಿ ಮುಚ್ಚುವ ಹೋಟೆಲು. ಎರಡನೆಯ ಬಗೆ ಬೀದಿಗೆ ಕಳೆ ಕೊಡುತ್ತದೆ, ಜಾಹೀರಾತಿನಲ್ಲಿ ಬರುವುದೂ ಅದೇ. ನಿಮ್ಮ ಬದುಕು ನಡೆಯುವುದು ಮೊದಲನೆಯ ಬಗೆಯಿಂದ. ಐದು ನಿಮಿಷ ನಡೆದರೆ, ಅಂದರೆ ಸುಮಾರು 400 ಮೀಟರ್ ಒಳಗೆ, ಮೊದಲನೆಯ ಬಗೆಯ ಅಂಗಡಿಗಳು ಎಷ್ಟಿವೆ ನೋಡಿ. ಒಂದೂ ಇಲ್ಲದಿದ್ದರೆ ನೀವು ಪೇಟೆಯಲ್ಲಿದ್ದೂ ವಾರದ ಸಾಮಾನಿಗೆ ಗಾಡಿ ತೆಗೆಯಬೇಕಾಗುತ್ತದೆ. ಆಗ ಪೇಟೆಯ ಬೆಲೆ ಕೊಟ್ಟು ಊರಾಚೆಯ ಬದುಕನ್ನು ಕೊಂಡಂತಾಯಿತು.

ಖಾಲಿ ಅಂಗಡಿಗಳನ್ನೂ ಗಮನಿಸಿ. ಅಲ್ಲೊಂದು ಇಲ್ಲೊಂದು ಖಾಲಿ ಇದ್ದರೆ ಚಿಂತೆ ಬೇಡ, ಬಾಡಿಗೆದಾರರು ಬದಲಾಗುತ್ತಲೇ ಇರುತ್ತಾರೆ. ಆದರೆ ಶಟರ್‌ನ ಹತ್ತಿರ ಹೋಗಿ ನೋಡಿ. ಅದರ ಕೆಳ ಅಂಚಿನಲ್ಲಿ ತುಕ್ಕು ಹಿಡಿದು ಮಣ್ಣು ಕೂತಿದೆಯಾ? ಬೀಗದ ಮೇಲೆ ಧೂಳಿನ ಪದರ ಇದೆಯಾ? ಕಾಗದಗಳು ಒಳಗೆ ತೂರಿ ರಾಶಿಯಾಗಿವೆಯಾ? ಪಕ್ಕಪಕ್ಕದಲ್ಲೇ ಹೀಗೆ ಮೂರು ನಾಲ್ಕು ಶಟರ್ ಕಂಡರೆ ಕಾರಣ ಕೇಳಲೇಬೇಕು. ಒಬ್ಬನೇ ಮಾಲೀಕ ಎಲ್ಲವನ್ನೂ ಖಾಲಿ ಇಟ್ಟುಕೊಂಡು ಕಟ್ಟಡ ಕೆಡವಲು ಕಾಯುತ್ತಿರಬಹುದು. ಹಾಗಿದ್ದರೆ ನಿಮ್ಮ ಕಿಟಕಿಯ ಎದುರು ಎರಡು ಮೂರು ವರ್ಷ ಕಟ್ಟಡದ ಕೆಲಸ ನಡೆಯುತ್ತದೆ. ಬೆಳಕೂ ಹೋಗಬಹುದು.

ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ. ಅಂಗಡಿ ನಡೆಸುವವರು ಆ ಜಾಗದ ಮಾಲೀಕರೋ, ಬಾಡಿಗೆಯವರೋ? ಸ್ವಂತ ಜಾಗದಲ್ಲಿ ಇರುವವರು ವ್ಯಾಪಾರ ಸ್ವಲ್ಪ ಇಳಿದರೂ ತಡೆದುಕೊಳ್ಳುತ್ತಾರೆ. ಬಾಡಿಗೆಯವರಿಗೆ ಆ ಅವಕಾಶ ಇಲ್ಲ. ಬೀದಿಗೆ ಹೆಸರು ಬರುತ್ತದೆ, ಮನೆಗಳ ಬೆಲೆ ಏರುತ್ತದೆ, ಅದರ ಹಿಂದೆಯೇ ಅಂಗಡಿಗಳ ಬಾಡಿಗೆಯೂ ಏರುತ್ತದೆ. ಕೊನೆಗೆ ಆ ಬೀದಿಗೆ ಹೆಸರು ತಂದುಕೊಟ್ಟ ಸಣ್ಣ ಅಂಗಡಿಯವರೇ ಬಾಡಿಗೆ ಕಟ್ಟಲಾಗದೆ ಹೊರಡುತ್ತಾರೆ. ಅವರ ಜಾಗಕ್ಕೆ ಬರುವುದು ಎಲ್ಲ ಊರಿನಲ್ಲೂ ಇರುವ ಸರಣಿ ಮಳಿಗೆ, ಇಲ್ಲವೇ ಖಾಲಿ ಶಟರ್. ಈ ಅನ್ಯಾಯಕ್ಕೆ ಮನೆ ಕೊಳ್ಳುವ ನಾವೂ ಸ್ವಲ್ಪ ಕಾರಣ. ನಾವು ಅಲ್ಲಿ ಮನೆ ಮಾಡಿ, ಸಾಮಾನನ್ನೆಲ್ಲ ಫೋನಿನಲ್ಲಿ ತರಿಸಿಕೊಂಡರೆ ಆ ಅಂಗಡಿಗಳು ಯಾರಿಂದ ಉಳಿಯಬೇಕು? ಪೇಟೆಯಲ್ಲಿ ಮನೆ ಕೊಂಡವರು ಪೇಟೆಯಲ್ಲೇ ಖರ್ಚು ಮಾಡಬೇಕು ಅಂತ ನಾನು ನಿಜವಾಗಿಯೂ ನಂಬುತ್ತೇನೆ. ಅದು ಉಪಕಾರ ಅಂತಲ್ಲ, ತಮ್ಮ ಮನೆಯ ಬೆಲೆಯನ್ನು ತಾವೇ ಕಾಯ್ದುಕೊಳ್ಳುವ ದಾರಿ.

ಹಾಗಾಗಿ ಅಂಗಡಿಯವರ ಜೊತೆ ಮಾತಾಡಿ. ಏನಾದರೂ ಕೊಳ್ಳಿ, ವ್ಯಾಪಾರ ಹೇಗಿದೆ ಅಂತ ಕೇಳಿ. ಕರಾರು ಇನ್ನೂ ಎಷ್ಟು ವರ್ಷ ಇದೆ, ಮಳೆ ಬಂದರೆ ಬೀದಿಯಲ್ಲಿ ನೀರು ನಿಲ್ಲುತ್ತದಾ, ರಾತ್ರಿ ಎಷ್ಟು ಹೊತ್ತಿನವರೆಗೆ ಜನ ಇರುತ್ತಾರೆ, ಇವೆಲ್ಲ ಅವರಿಗೆ ಗೊತ್ತು. ನಿಮಗೆ ಮನೆ ತೋರಿಸಿದವರಿಗೆ ಮಾರುವ ಅವಸರ ಇರುತ್ತದೆ. ಅಂಗಡಿಯವರಿಗೆ ಅದು ಇಲ್ಲ.

ಸಂಜೆ ಕತ್ತಲಾದ ಮೇಲೆ ತಲೆಯೆತ್ತಿ ಮೇಲಿನ ಮಹಡಿಗಳನ್ನೂ ನೋಡಿ. ಎಷ್ಟು ಕಿಟಕಿಗಳಲ್ಲಿ ದೀಪ ಉರಿಯುತ್ತಿದೆ? ಒಣಗಲು ಹಾಕಿದ ಬಟ್ಟೆ, ಹೂಕುಂಡ ಕಾಣುತ್ತದಾ? ಮೇಲಿನ ಮಹಡಿ ಪೂರ್ತಿ ಕತ್ತಲಾಗಿದ್ದರೆ ಅಲ್ಲಿ ಇರುವುದು ಗೋದಾಮು, ಆಫೀಸು, ಇಲ್ಲವೇ ದಿನದ ಬಾಡಿಗೆಗೆ ಬಿಡುವ ಕೋಣೆಗಳು. ಅಂಗಡಿ ಮುಚ್ಚಿದ ಮೇಲೆ ಆ ಬೀದಿಯಲ್ಲಿ ನೀವು ಒಬ್ಬರೇ. ಇದು ಸುರಕ್ಷತೆಯ ವಿಷಯವೂ ಹೌದು.

ಸದ್ದು, ಹೊಗೆ, ನಿದ್ದೆ

ಮುಖ್ಯ ಬೀದಿಯ ಮನೆ ಮತ್ತು ಒಳಬೀದಿಯ ಮನೆಯ ನಡುವೆ ದೊಡ್ಡ ವ್ಯತ್ಯಾಸ ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಕೊಟ್ಟ ಮಾರ್ಗಸೂಚಿಯಲ್ಲಿ, ರಸ್ತೆಯ ಸದ್ದು ದಿನದ ಸರಾಸರಿಯಲ್ಲಿ 53 ಡೆಸಿಬಲ್‌ಗಿಂತ, ರಾತ್ರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು ಅಂತ ಹೇಳಿದೆ. ವಾಹನ ತುಂಬಿದ ಪೇಟೆ ಬೀದಿಗಳು ಇದನ್ನು ಸುಲಭವಾಗಿ ದಾಟುತ್ತವೆ. ಡೆಸಿಬಲ್ ಲೆಕ್ಕ ಮೋಸ ಮಾಡುತ್ತದೆ, ನೆನಪಿಡಿ. 10 ಡೆಸಿಬಲ್ ಜಾಸ್ತಿ ಅಂದರೆ ಸದ್ದಿನ ಶಕ್ತಿ ಹತ್ತು ಪಟ್ಟು, ನಮ್ಮ ಕಿವಿಗೆ ಸುಮಾರು ಎರಡು ಪಟ್ಟು. ನಡುವೆ ಸಾಲಾಗಿ ಕಟ್ಟಡಗಳು ನಿಂತರೆ ಸದ್ದು ಬಹಳ ಇಳಿಯುತ್ತದೆ. ಎರಡು ತಿರುವು ಒಳಗೆ ಹೋದರೆ ಸಿಗುವ ಲಾಭ ಇದೇ. ಅಂಗಡಿಗೆ ನಡಿಗೆ ಎರಡು ನಿಮಿಷ ಜಾಸ್ತಿಯಾಗುತ್ತದೆ, ಪ್ರತಿ ರಾತ್ರಿಯ ನಿದ್ದೆ ಉಳಿಯುತ್ತದೆ. ಈ ವ್ಯಾಪಾರದಲ್ಲಿ ನಷ್ಟವೇ ಇಲ್ಲ. ವಾಹನದ ಹೊಗೆಯೂ ದೊಡ್ಡ ರಸ್ತೆಯ ಅಂಚಿನಲ್ಲಿ ದಟ್ಟವಾಗಿದ್ದು ದೂರ ಹೋದಂತೆ ಬೇಗ ಇಳಿಯುತ್ತದೆ.

ಅಂಗಡಿಗಳ ಮೇಲಿನ ಮನೆಯನ್ನೇ ಕೊಳ್ಳುತ್ತೀರಾದರೆ, ಕೆಳಗೆ ಏನಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಪುಸ್ತಕದಂಗಡಿಯ ಮೇಲೆ ಇರುವುದು ಬೇರೆ, ಹೋಟೆಲಿನ ಮೇಲೆ ಇರುವುದು ಬೇರೆ. ಕಟ್ಟಡದ ಹಿಂಭಾಗಕ್ಕೆ ಹೋಗಿ. ಅಡುಗೆಯ ಹೊಗೆ ಬಿಡುವ ತಗಡಿನ ಕೊಳವೆ ಎಲ್ಲಿ ಕೊನೆಯಾಗುತ್ತದೆ ನೋಡಿ. ಅದು ಚಾವಣಿಯ ಮೇಲೆ ಹೋಗಿದ್ದರೆ ಸರಿ. ನಿಮ್ಮ ಮಲಗುವ ಕೋಣೆಯ ಕಿಟಕಿಯ ಮಟ್ಟದಲ್ಲೇ ನಿಂತಿದ್ದರೆ, ಅದರ ಪಕ್ಕದ ಗೋಡೆಯ ಮೇಲೆ ಜಿಡ್ಡಿನ ಕಂದು ಗೆರೆ ಇಳಿದಿರುತ್ತದೆ. ಬೆರಳಿನಿಂದ ಮುಟ್ಟಿದರೆ ಅಂಟುತ್ತದೆ. ಆ ಜಿಡ್ಡು ನಾಳೆ ನಿಮ್ಮ ಪರದೆಯ ಮೇಲೆ ಕೂರುತ್ತದೆ. ಸಾಮಾನು ಇಳಿಸುವ ಗಾಡಿಗಳು ಎಷ್ಟು ಹೊತ್ತಿಗೆ ಬರುತ್ತವೆ, ಜನರೇಟರ್ ಎಲ್ಲಿದೆ, ಕಸ ಎಲ್ಲಿ ಇಡುತ್ತಾರೆ ಅನ್ನುವುದನ್ನೂ ಹಿಂಭಾಗದಲ್ಲೇ ತಿಳಿಯಬಹುದು. ಮುಂಭಾಗ ಎಲ್ಲರಿಗೂ ಚೆನ್ನಾಗಿಯೇ ಕಾಣುತ್ತದೆ.

ಇವತ್ತು ಪುಸ್ತಕದಂಗಡಿ ಇರುವಲ್ಲಿ ನಾಳೆ ಹೋಟೆಲು ಬರಬಹುದಾ? ಇದಕ್ಕೆ ಉತ್ತರ ಕಟ್ಟಡದ ನಿಯಮಗಳಲ್ಲಿ ಮತ್ತು ಊರಿನ ವಲಯ ನಿಯಮಗಳಲ್ಲಿ ಇರುತ್ತದೆ. ಬರೆದ ಕಾಗದವನ್ನೇ ಕೇಳಿ ಓದಿ.

ಹಳೆಯ ಕಟ್ಟಡವೋ, ಹೊಸದೋ

ನಡುಪೇಟೆಯಲ್ಲಿ ಹಳೆಯ ಕಟ್ಟಡಗಳೇ ಜಾಸ್ತಿ. ದಪ್ಪ ಗೋಡೆ, ಎತ್ತರದ ಚಾವಣಿ ಮನಸ್ಸನ್ನು ಸೆಳೆಯುತ್ತವೆ. ಕೊಳವೆ ಮತ್ತು ವೈರಿಂಗ್ ಮಾತ್ರ ಕಟ್ಟಡದಷ್ಟು ಬಾಳುವುದಿಲ್ಲ. ಬಚ್ಚಲಿನ ಮತ್ತು ಅಡುಗೆಮನೆಯ ನಲ್ಲಿಗಳನ್ನು ಒಟ್ಟಿಗೇ ತೆರೆದು ನೀರಿನ ಒತ್ತಡ ನೋಡಿ. ಕಿಟಕಿಯ ಕೆಳಗಿನ ಗೋಡೆಗೆ ಅಂಗೈ ಇಟ್ಟು ತೇವ ಇದೆಯಾ ನೋಡಿ. ಹೊಸದಾಗಿ ಬಣ್ಣ ಬಳಿದಿದ್ದರೆ ಇನ್ನೂ ಹುಷಾರಾಗಿರಿ. ಕೊನೆಯ ಮಹಡಿಯಾದರೆ ಚಾವಣಿಯ ಸೋರಿಕೆ, ಬಿಸಿಲು ಎರಡೂ ನಿಮ್ಮ ಪಾಲಿಗೆ. ಇಂಜಿನಿಯರ್ ಒಬ್ಬರಿಗೆ ದುಡ್ಡು ಕೊಟ್ಟು ತೋರಿಸಿ, ಅದರಲ್ಲಿ ಉಳಿತಾಯ ಬೇಡ.

ಕಟ್ಟಡದ ಮನೆ ಮಾಲೀಕರ ಸಂಘದ ಖಾತೆಯಲ್ಲಿ ದುರಸ್ತಿಗೆ ಅಂತ ಎಷ್ಟು ದುಡ್ಡು ಕೂಡಿಟ್ಟಿದ್ದಾರೆ ಅನ್ನುವುದೂ ಬೆಲೆಯ ಭಾಗವೇ. ತಿಂಗಳ ನಿರ್ವಹಣೆ ತೀರಾ ಕಡಿಮೆ ಇದ್ದರೆ ಖುಷಿಪಡಬೇಡಿ. ಲಿಫ್ಟ್ ಕೆಟ್ಟ ದಿನ ಎಲ್ಲರೂ ಒಟ್ಟಿಗೆ ದೊಡ್ಡ ಮೊತ್ತ ಕೊಡಬೇಕಾಗುತ್ತದೆ.

ದುಡ್ಡಿನ ಲೆಕ್ಕ

ಕಾಲ ಕಳೆದಂತೆ ಕಟ್ಟಡ ಸವೆಯುತ್ತದೆ. ಬೆಲೆ ಏರುವುದು ನೆಲದ್ದು. ಊರಾಚೆಯ ದೊಡ್ಡ ಮನೆಯ ಬೆಲೆಯಲ್ಲಿ ಸಾಮಾನ್ಯವಾಗಿ ಕಟ್ಟಡದ ಪಾಲು ಜಾಸ್ತಿ, ಪೇಟೆಯ ಮನೆಯಲ್ಲಿ ನೆಲದ ಪಾಲು ಜಾಸ್ತಿ. ಆದರೆ ಎತ್ತರದ ಕಟ್ಟಡದ ಫ್ಲಾಟ್‌ನಲ್ಲಿ ಆ ನೆಲ ಬಹಳ ಜನರ ನಡುವೆ ಹಂಚಿಹೋಗಿರುತ್ತದೆ. ನಿಮ್ಮ ಪಾಲಿಗೆ ಎಷ್ಟು ನೆಲ ಬರುತ್ತದೆ ಅಂತ ಪತ್ರದಲ್ಲಿ ನೋಡಿ. ಕಡಿಮೆ ಮಹಡಿಯ, ಕಡಿಮೆ ಮನೆಗಳ ಒಳಬೀದಿಯ ಕಟ್ಟಡಕ್ಕೆ ಇಲ್ಲೂ ಮೇಲುಗೈ.

ಸಾಲದ ವಿಷಯ. 8% ಬಡ್ಡಿಗೆ 20 ವರ್ಷದ ಸಾಲ ಮಾಡಿದರೆ, ಪಡೆದ ಪ್ರತಿ 100ಕ್ಕೆ ಒಟ್ಟು ಸುಮಾರು 200 ಕಟ್ಟುತ್ತೀರಿ. ಅದನ್ನೇ 15 ವರ್ಷಕ್ಕೆ ಇಳಿಸಿದರೆ 172. ತಿಂಗಳ ಕಂತು ಏರುವುದು ಏಳರಲ್ಲಿ ಒಂದು ಪಾಲು ಮಾತ್ರ. ಚಿಕ್ಕ ಮನೆ ಕೊಂಡರೆ ಈ ಉಳಿತಾಯ ಕೈಗೆಟಕುತ್ತದೆ. ಪೇಟೆಯಲ್ಲಿ ಒಂದು ಕೋಣೆ ಕಡಿಮೆ ಇರುವ ಮನೆ ಸಾಕು ಅಂತ ನಾನು ಹೇಳುವುದಕ್ಕೆ ಇದೂ ಕಾರಣ. ಹರಟೆಗೆ, ಓದಿಗೆ, ಮಕ್ಕಳ ಆಟಕ್ಕೆ ಬೀದಿ, ಗ್ರಂಥಾಲಯ, ಉದ್ಯಾನ ಇವೆಯಲ್ಲ.

ಕೆಳಗೆ ಅಂಗಡಿ ಇರುವ ಕಟ್ಟಡಕ್ಕೆ ಎಲ್ಲ ಬ್ಯಾಂಕುಗಳೂ ಒಂದೇ ರೀತಿ ಸಾಲ ಕೊಡುವುದಿಲ್ಲ. ವ್ಯಾಪಾರದ ಜಾಗ ಜಾಸ್ತಿ ಇದ್ದರೆ ಕೆಲವರು ಹಿಂಜರಿಯುತ್ತಾರೆ. ಮನೆಯ ಬಗ್ಗೆ ಪೂರ್ತಿ ಮನಸ್ಸು ಮಾಡುವ ಮೊದಲೇ ಇದನ್ನು ವಿಚಾರಿಸಿ.

ಬಾಡಿಗೆಯ ಜೊತೆಗೂ ಹೋಲಿಸಿ. ಮನೆಯ ಬೆಲೆಯನ್ನು ಅಂಥದ್ದೇ ಮನೆಯ ವರ್ಷದ ಬಾಡಿಗೆಯಿಂದ ಭಾಗಿಸಿ. 15 ಬಂದರೆ ಕೊಳ್ಳುವುದು ಸಮಂಜಸ. 30 ಬಂದರೆ ಬೆಲೆಯ ಮೇಲೆ ಬಾಡಿಗೆ ಸಿಗುವುದು ಶೇಕಡಾ 3ಕ್ಕೆ ಸ್ವಲ್ಪ ಜಾಸ್ತಿ ಮಾತ್ರ, ಸಾಲದ ಬಡ್ಡಿ ಅದರ ಎರಡು ಪಟ್ಟಿಗೂ ಹೆಚ್ಚು. ಬೆಲೆ ಏರಿಯೇ ಏರುತ್ತದೆ ಅನ್ನುವ ನಂಬಿಕೆಯ ಮೇಲೆ ಆಗ ನಿಂತಿರುತ್ತೀರಿ. ಐದು ವರ್ಷಕ್ಕಿಂತ ಕಡಿಮೆ ಇರುವ ಯೋಚನೆ ಇದ್ದರೆ ಬಾಡಿಗೆಯೇ ಮೇಲು. ಕೊಳ್ಳುವಾಗ, ಮಾರುವಾಗ ಆಗುವ ಖರ್ಚು ಅಷ್ಟರೊಳಗೆ ವಾಪಸ್ ಬರುವುದು ಕಷ್ಟ. ಪೇಟೆಯ ಬದುಕು ಹೊಸದಾಗಿದ್ದರಂತೂ ಮೊದಲು ಅದೇ ಬೀದಿಯಲ್ಲಿ ಬಾಡಿಗೆಗೆ ಇದ್ದು ನೋಡಿ.

ಯಾರು ಊರಾಚೆಗೇ ಹೋಗಬೇಕು

ಕೆಲಸ ಹೊರವಲಯದಲ್ಲೇ ಇರುವವರು, ಮನೆಯಿಂದಲೇ ಕೆಲಸ ಮಾಡುವುದರಿಂದ ಪೂರ್ತಿ ಒಂದು ಕೋಣೆ ಬೇಕಾದವರು, ಗಿಡ ಬೆಳೆಸದೆ ಇರಲಾರದವರು, ಸಣ್ಣ ಸದ್ದಿಗೂ ಎಚ್ಚರವಾಗುವವರು ಪೇಟೆಗೆ ಬಂದು ಕಷ್ಟಪಡುವುದು ಬೇಡ. ಮೂರು ತಲೆಮಾರು ಒಟ್ಟಿಗೆ ಇರುವ ಮನೆಗೂ ಜಾಗವೇ ಮುಖ್ಯ. ಆದರೆ ವಯಸ್ಸಾದವರು ಇದ್ದಾರೆ ಅಂತ ಕಣ್ಣುಮುಚ್ಚಿ ಊರಾಚೆ ಆರಿಸಬೇಡಿ. ಗಾಡಿ ಓಡಿಸುವುದು ಬಿಟ್ಟ ಮೇಲೆ ಒಂದು ಮಾತ್ರೆಗೂ ಬೇರೆಯವರನ್ನು ಕಾಯಬೇಕಾದ ಬದುಕು ಕಷ್ಟದ್ದು. ಲಿಫ್ಟ್ ಇರುವ, ಔಷಧಿ ಅಂಗಡಿಗೆ ನಡೆದು ಹೋಗಬಹುದಾದ ಒಳಬೀದಿಯ ಮನೆ ಅವರಿಗೆ ಎಷ್ಟೋ ಸ್ವಾತಂತ್ರ್ಯ ಕೊಡುತ್ತದೆ.

ಬೆಲೆ ಮಾತಾಡುವಾಗ

ಬೀದಿಯಲ್ಲಿ ನೋಡಿದ್ದೆಲ್ಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಖಾಲಿ ಶಟರ್‌ಗಳು, ಹಿಂಭಾಗದ ಹೊಗೆ ಕೊಳವೆ, ಬರಿದಾದ ದುರಸ್ತಿ ಖಾತೆ, ಇವನ್ನು ಒಂದೊಂದಾಗಿ ಮುಂದಿಡಿ. ಅದೇ ಬೀದಿಯಲ್ಲಿ ಇತ್ತೀಚೆಗೆ ನಿಜವಾಗಿ ನೋಂದಣಿಯಾದ ಬೆಲೆಗಳನ್ನು ಹಿಡಿದುಕೊಂಡು ಹೋಗಿ, ಜಾಹೀರಾತಿನ ಬೆಲೆಗಳನ್ನು ನಂಬಬೇಡಿ. ಮಾರುವವರು ಬೆಲೆ ಇಳಿಸದಿದ್ದರೆ ಬೇರೆ ರೂಪದಲ್ಲಿ ಕೇಳಿ: ಪಾರ್ಕಿಂಗ್ ಜಾಗ ನಿಮ್ಮ ಹೆಸರಿಗೆ, ಕಿಟಕಿಗೆ ಎರಡು ಪದರದ ಗಾಜು, ಹಳೆಯ ವೈರಿಂಗ್ ಬದಲಾವಣೆ. ಒಪ್ಪಿದ್ದನ್ನೆಲ್ಲ ಕರಾರಿನಲ್ಲಿ ಬರೆಸಿ. ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ ಅನ್ನುವ ಸಾಲು ಅದರಲ್ಲಿ ಇರಲೇಬೇಕು. ಅದಕ್ಕೆ ಒಪ್ಪದವರಿಗೆ ಮುಂಗಡ ಕೊಡಬೇಡಿ.